ಮೊಸರಿನ ಡಬ್ಬಿಯಲ್ಲಿದ್ದ ರೋಸ್‌ಮರಿ ಕಡ್ಡಿ

ಮರಿಸ್ವಾಮಿಯವರು ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡಿ ರಿಟೈರ್ ಆದವರು...

ಕೆಲಸ ಬಿಟ್ಟರೂ ಚೆಕಿಂಗ್ ಬಿಟ್ಟಿರಲಿಲ್ಲ. ಗ್ಯಾಸ್ ಆಫ್ ಆಗಿದೆಯಾ, ಗೇಟಿನ ಚಿಲಕ ಬಿದ್ದಿದೆಯಾ... ಎಲ್ಲವನ್ನೂ ಎರಡೆರಡು ಸಲ ನೋಡಬೇಕು.

ಗಂಡನ ಜೊತೆ ಹೊಂದಿಕೆಯಾಗದೆ ಮಗಳು ರೂಪಶ್ರೀ ತವರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಮಾತು ಕಡಿಮೆ. ಬಾಚಣಿಗೆ ತುಂಬ ಉದುರಿದ ಕೂದಲು...

ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಅಪ್ಪನದು ಒಂದೇ ಪ್ರಶ್ನೆ. “ಏನವ್ವಾ, ಏನ್ ತೀರ್ಮಾನ ಮಾಡ್ದೆ?”

ಅವಳು ಲೋಟ ಹಿಡಿದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ರೋಸ್‌ಮರಿ ಎಲೆ ಕುದಿಸಿದ ನೀರು ಕೂದಲಿಗೆ ಒಳ್ಳೆಯದೆಂದು ಫೋನಿನಲ್ಲಿ ನೋಡಿದ್ದೇ ತಡ, ಮರಿಸ್ವಾಮಿಯವರು ಎದುರುಮನೆಯ ಫಿಲೋಮಿನಾ ಟೀಚರ್ ಹತ್ತಿರ ಹತ್ತು ಕಡ್ಡಿ ಕೇಳಿ ತಂದರು.

“ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ ನೆರಳಲ್ಲಿಡಿ ಸರ್. ನೀರು ಕಮ್ಮಿ ಹಾಕಿ. ಬೇರು ಬರೋಕೆ ಒಂದೂವರೆ ತಿಂಗಳಾದ್ರೂ ಬೇಕು,” ಅಂದಿದ್ದರು ಟೀಚರ್.

ಒಂದೂವರೆ ತಿಂಗಳು! ನಮ್ಮ ಚೆಕಿಂಗ್ ಇನ್‌ಸ್ಪೆಕ್ಟರಿಗೆ ಒಂದೂವರೆ ದಿನವೂ ತಡೆಯಲಾಗಲಿಲ್ಲ.

ದಿನಾ ಒಂದೊಂದು ಕಡ್ಡಿ ಮೆಲ್ಲಗೆ ಎಳೆದು, ಬೇರು ಬಂತಾ ಎಂದು ನೋಡಿ, ಮತ್ತೆ ಚುಚ್ಚುವುದು... ಹತ್ತರಲ್ಲಿ ಒಂದು ಕಮ್ಮಿ ಇದ್ದದ್ದು ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ!

ಎರಡು ತಿಂಗಳಲ್ಲಿ ಕುಂಡದ ಕಡ್ಡಿಗಳೆಲ್ಲ ಒಣಗಿ ಕಪ್ಪಾದವು.

“ನನ್ ಕೈಗುಣಾನೇ ಸರಿಯಿಲ್ಲ. ನಿಂಗೋಸ್ಕರ ಒಂದು ಗಿಡಾನೂ ಬೆಳೆಸೋಕಾಗ್ಲಿಲ್ಲ ನೋಡವ್ವಾ...” ಅನ್ನುವಾಗ ಅವರ ಕಣ್ಣು ತುಂಬಿತ್ತು.

ರೂಪಶ್ರೀ ಎದ್ದು ಒಳಗೆ ಹೋಗಿ ಒಂದು ಮೊಸರಿನ ಡಬ್ಬಿ ತಂದಳು.

ಅದರಲ್ಲೊಂದು ಕಡ್ಡಿ... ತುದಿಯಲ್ಲಿ ಎಳೇ ಚಿಗುರು! ಡಬ್ಬಿಯ ತಳದ ತೂತಿನಿಂದ ಬಿಳಿ ಬೇರು ಇಣುಕಿತ್ತು.

“ನೀನು ತಂದ ದಿನಾನೇ ಒಂದನ್ನ ನನ್ ಕಿಟಕೀಲಿ ಇಟ್ಕೊಂಡಿದ್ದೆ ಅಪ್ಪಾ.”

“ಅದ್ಹೆಂಗ್ ಬಂತವ್ವಾ? ಏನ್ ಹಾಕ್ದೆ?”

“ಏನೂ ಇಲ್ಲ... ಬೇರು ಬಂತಾ ಅಂತ ಒಂದಿನಾನೂ ಕೇಳ್ಲಿಲ್ಲ, ಅಷ್ಟೇ.”

ಮಗಳು ಹೇಳಿದ್ದು ಗಿಡದ ವಿಷಯವೊಂದೇ ಅಲ್ಲ ಎಂದು ಮರಿಸ್ವಾಮಿಯವರಿಗೆ ಅರ್ಥವಾಯಿತು.

ಮರುದಿನ ಕಾಫಿ ಕೊಟ್ಟು, ಪ್ರಶ್ನೆಯನ್ನು ನುಂಗಿಕೊಂಡರು. ಅದರ ಮರುದಿನವೂ... ಸುಲಭವೇನೂ ಆಗಿರಲಿಲ್ಲ ಪಾಪ, ನಾಲಿಗೆ ತುದಿಯವರೆಗೆ ಬರುತ್ತಿತ್ತು.

ಹನ್ನೆರಡನೇ ದಿನ ರೂಪಶ್ರೀ ಲೋಟ ಹಿಡಿದು ರೂಮಿಗೆ ಹೋಗಲಿಲ್ಲ. ಅಪ್ಪನ ಪಕ್ಕದಲ್ಲೇ ಕೂತಳು.

“ಅಪ್ಪಾ... ಅಲ್ಲಿ ಏನೇನಾಯ್ತು ಅಂತ ಹೇಳ್ತೀನಿ. ಕೇಳ್ತೀಯಾ?”

ಮರಿಸ್ವಾಮಿಯವರು ಲೋಟ ಕೆಳಗಿಟ್ಟು ಮಗಳ ಕೈ ಹಿಡಿದುಕೊಂಡರು.

ಪ್ರೀತಿಯಿಂದಲೇ ಆದರೂ, ದಿನಾ ಕಿತ್ತು ನೋಡಿದರೆ ಯಾವುದೂ ಬೇರು ಬಿಡುವುದಿಲ್ಲ.

ನಿಮ್ಮ ಮನೆಯಲ್ಲಿ ಇವತ್ತು ಯಾರಿಗೆ ನಿಮ್ಮ ಪ್ರಶ್ನೆಗಿಂತ, ನೀವು ಸುಮ್ಮನೆ ಜೊತೆಗಿರುವುದು ಬೇಕಾಗಿದೆ?