ದಿಬ್ಬದ ಓಣಿಗೆ ಎಂಟು ನಿಮಿಷ

ಊರಿಗೆ ನೀರು ಬಿಡುವ ಪಂಪನ್ನು ನಡೆಸುವ ಕಂಪ್ಯೂಟರ್ ಕೋಡನ್ನು ತಿದ್ದಲು ಯಾರು ಬೇಕಾದರೂ ಕೋರಿಕೆ ಹಾಕಬಹುದಿತ್ತು. ಪರೀಕ್ಷಾ ಯಂತ್ರ ಅದನ್ನು ಓದಿ, ತಪ್ಪುಗಳನ್ನು ಪರದೆಯ ಮೇಲೆ ಆ ಕೋರಿಕೆಯ ಕೆಳಗೇ ಎಲ್ಲರಿಗೂ ಕಾಣುವಂತೆ ಬರೆಯುತ್ತಿತ್ತು.

ದ್ಯಾಮವ್ವ ಇಪ್ಪತ್ತೆರಡು ವರ್ಷ ವಾಲ್ವ್ ತಿರುಗಿಸಿದವಳು. ದಿಬ್ಬದ ಓಣಿಗೆ ನೀರು ಏರುವ ಮೊದಲೇ ಪಂಪು ನಿಲ್ಲುತ್ತಿತ್ತು. ಅದು ಎಂಟು ನಿಮಿಷ ಹೆಚ್ಚು ಓಡುವಂತೆ ಕೋಡ್ ಬರೆದು ಕಳಿಸಿದಳು.

ಕೂಡಲೇ ಕೆಂಪು ಅಕ್ಷರ ಮೂಡಿತು: ‘ಹದಿನಾಲ್ಕನೇ ಸಾಲು. ನೀರಿನ ಟಾಕಿ ಖಾಲಿಯಾದ ಮೇಲೂ ಓಡಿದರೆ ಪಂಪು ಸುಟ್ಟುಹೋಗುತ್ತದೆ.’

“ತಗದಬಿಡ್ರಿ ಅವ್ವಾ, ಊರ ಮಂದಿ ಎಲ್ಲಾ ನೋಡಾಕತ್ತಾರ,” ಎಂದರು ಪಕ್ಕದಲ್ಲಿದ್ದ ನೀರು ಸರಬರಾಜಿನ ಇಂಜಿನಿಯರ್ ದೇಸಾಯಿ.

“ನೋಡ್ಲಿ ಬಿಡ್ರಿ ಸಾಹೇಬ್ರ. ತಪ್ಪು ಎಲ್ಲೈತಿ ಅಂತ ನನಗ ಹೇಳೇತಲ್ಲ, ತಿದ್ದತೀನಿ.”

ಟಾಕಿ ಬರಿದಾಗುವ ಮೊದಲು ಕೊಳವೆಯಲ್ಲಿ ಒತ್ತಡ ಎರಡು ಸಲ ಕುಸಿಯುವುದು ಅವಳಿಗೆ ವಾಲ್ವ್ ಹಿಡಿದ ಕೈಯ ಅನುಭವದಿಂದಲೇ ಗೊತ್ತಿತ್ತು. ಹಾಗೆ ಕುಸಿದರೆ ಪಂಪು ನಿಲ್ಲಲಿ ಎಂದು ಸೇರಿಸಿ, ಮತ್ತೆ ಕಳಿಸಿದಳು.

ಈ ಸಲ ಹಸಿರು: ‘ತಪ್ಪಿಲ್ಲ. ಈ ರಕ್ಷಣೆ ಹಳೆಯ ಕೋಡಿನಲ್ಲಿ ಇರಲಿಲ್ಲ.’

ದೇಸಾಯಿ ಅದನ್ನು ಎರಡು ಸಲ ಓದಿದರು. “ಹಳೇದನ್ನ ಬರದಾಂವ ನಾನ, ಅವ್ವಾ. ನನಗಿದು ಹೊಳದಿರಲಿಲ್ಲ,” ಎಂದು ಒಪ್ಪಿಗೆಯ ಗುಂಡಿ ಒತ್ತಿದರು.

ಮರುದಿನ ಬೆಳಿಗ್ಗೆ ದಿಬ್ಬದ ಕೊನೆಯ ಮನೆಯ ಹಸೀನಾಬಿ ತುಂಬಿದ ಕೊಡ ಹೊತ್ತು ಎದುರಾದಳು.

“ಯಾರಿಗೆ ಹೇಳಿ ಮಾಡಿಸಿದಿ ದ್ಯಾಮವ್ವಾ?”

“ಯಾರಿಗೂ ಹೇಳಿಲ್ಲವ್ವಾ,” ಎಂದಳು ದ್ಯಾಮವ್ವ, ಸೆರಗು ಸರಿಪಡಿಸಿಕೊಂಡು. “ನಾನ ಬರದೀನಿ.”