ಸುಣ್ಣದ ಸಮೀಕರಣ

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ನರಸೀಪುರದ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಸುಟ್ಟ ಸುಣ್ಣಕ್ಕೆ ನೀರು ಹಾಕಿ ತೋರಿಸಿ, ಹಲಗೆಯ ಮೇಲೆ CaO + H₂O → Ca(OH)₂ ಎಂದು ಬರೆದು ಹೊರಗೆ ಹೋದರು. ನಾನು ಅವರಂತೆಯೇ ಮೂಗಿನಲ್ಲಿ, "ಎರಡೂ ಕಡೆ ಎಣಿಸ್ರಪ್ಪಾ" ಅಂದೆ. ಯಾರೂ ನಗಲಿಲ್ಲ. ಮೇಷ್ಟ್ರು ಹಿಂದೆಯೇ ನಿಂತಿದ್ದರು.

"ಇದನ್ನ ಸರಿದೂಗಿಸು ಕಣ್ಲಾ. ತಪ್ಪಿದ್ರೆ ನಾಳೆ ನಿಮ್ಮಪ್ಪನ್ನ ಕರ್ಕೊಂಡ್ ಬಾ."

ಏನೂ ಬರೆಯದಿದ್ದರೆ ಅಪ್ಪನ ಬೆಲ್ಟೇ ಗತಿ ಎಂದು ಹೆದರಿ, ಮೂರೂ ಸೂತ್ರಗಳ ಎಡಕ್ಕೆ 2 ಬರೆದೆ.

"ಮೊದಲೇ ಸರಿಯಾಗಿತ್ತಲ್ಲೋ. ಯಾಕ್ ಮುಟ್ಟಿದೆ?"

"ನೀವೇ ಹೇಳಿದ್ರಲ್ಲಾ ಸಾ."

"ಇದು ಯಾವ ಬಗೆ ಕ್ರಿಯೆ? ನನ್ ದನೀಲೇ ಹೇಳು, ನೋಡೋಣ."

"ಸಂಯೋಗ ಸಾ."

ಊರನ್ನೆಲ್ಲ ಅಣಕಿಸುವ ನನ್ನ ಗಂಟಲಿಂದ ಬಂದದ್ದು, ಅಪ್ಪನೆದುರು ಮಾತ್ರ ಬರುವ ಕೀಚಲು ದನಿ.

ಆ ಹೆದರಿಕೆ ಅವರಿಗೂ ಕೇಳಿಸಿತೇನೋ, ಮೇಷ್ಟ್ರು ಮೂರೂ 2ಗಳನ್ನು ತಾವೇ ಒರೆಸಿದರು.

"ನಿಮ್ಮಪ್ಪ ಬರೋದ್ ಬ್ಯಾಡ. ಕೂತ್ಕೋ."