ಮಿಲ್ ರಸ್ತೆಗೆ ಬಂದ ಕಳೆ

"ಬಾಗ್ಲು ತೆಗಿಯೇ! ನಿನ್ನ ಗಂಡ ಕಣೇ ನಾನು!"

ಕ್ಯಾಂಟೀನಿನ ಉಗ್ರಾಣದೊಳಗಿಂದ ಹೂವಪ್ಪ ಗುದ್ದುತ್ತಿದ್ದ. ಶರಾವತಿ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಗಂಡ ಅಂತ್ಲೇ ಒಳಗೆ ಹಾಕಿದ್ದು. ಬೇರೆ ಯಾರಾದ್ರೂ ಆಗಿದ್ರೆ ಈ ಜನ ಕಾಲು ಮುರೀತಿದ್ರು. ಬೆಂಗಳೂರಿನೋರು ಬಂದು ಹೋಗೋ ತನಕ ಸುಮ್ನೆ ಬಿದ್ದಿರಿ."

ಸಾಗರದ ಮಿಲ್ ರಸ್ತೆಯ ಹೆಂಚಿನ ಕಾರ್ಖಾನೆ ಮುಚ್ಚಿ ವರ್ಷಗಳೇ ಆಗಿದ್ದವು. ಅದರ ಹಿಂದೆಯೇ ಅಕ್ಕಿ ಮಿಲ್ಲು ನಿಂತಿತು, ಮರದ ಮಿಲ್ಲು ನಿಂತಿತು, ಅಂಗಡಿಗಳು ಒಂದೊಂದಾಗಿ ಷಟರ್ ಎಳೆದುಕೊಂಡವು. ಕಾರ್ಖಾನೆಯ ಎದುರಿಗಿದ್ದ ಶರಾವತಿಯ ಕ್ಯಾಂಟೀನಿನ ಒಲೆಯೂ ಆರಿತು. ಈಗ ಅವಳು ಬಸ್ ಸ್ಟ್ಯಾಂಡಿನ ಹೋಟೆಲೊಂದರಲ್ಲಿ ಬೇರೆಯವರ ಎಂಜಲು ಲೋಟ ತೊಳೆಯುತ್ತಿದ್ದಳು. ಹೆಂಚು ಸುಡುವ ಭಟ್ಟಿಯ ಕೆಲಸ ಕಳೆದುಕೊಂಡ ಹೂವಪ್ಪ ಮಾತ್ರ ದಿನಾ ಕಾರ್ಖಾನೆಯ ಗೇಟಿನ ಮುಂದೆ ಹೋಗಿ ಕೂರುತ್ತಿದ್ದ. ಹಾದು ಹೋಗುವವರನ್ನೆಲ್ಲ ನಿಲ್ಲಿಸಿ, "ಈ ರಸ್ತೆ ಸತ್ತಿದೆ, ನೋಡ್ಕಂಡು ಹೋಗಿ" ಎನ್ನುತ್ತಿದ್ದ. ಪೇಪರಿನಲ್ಲಿ ಅವನ ಫೋಟೋ ಕೂಡ ಬಂದಿತ್ತು. ಊರಿನ ಮಾನ ಕಳೆದ ಎಂದು ಅಂದಿನಿಂದ ಅಂಗಡಿಯವರು ಅವನ ಮುಖ ನೋಡುತ್ತಿರಲಿಲ್ಲ.

ಕಾರ್ಖಾನೆ ನೋಡಲು ಬೆಂಗಳೂರಿನಿಂದ ಮೇಡಂ ಒಬ್ಬರು ಬರುತ್ತಾರೆಂದು ವರ್ತಕರ ಸಂಘದ ಅಧ್ಯಕ್ಷ ಸುರೇಂದ್ರನಿಗೆ ಫೋನ್ ಬಂದದ್ದೇ ತಡ, ರಸ್ತೆಯೆಲ್ಲ ಅವನ ಮನೆಯಂಗಳದಲ್ಲಿ ಸೇರಿತು. ಕೊಳ್ಳುವವರು ಬರುತ್ತಿದ್ದಾರೆ! ಇನ್ನೇನು ಬೇಕು?

"ಇದ್ದದ್ದು ಇದ್ದಂಗೆ ತೋರ್ಸಿ," ಎಂದ ಹೂವಪ್ಪ.

"ಎಂತ ತೋರ್ಸೋದು ಮಾರಾಯ, ಜೇಡರ ಬಲೆಯಾ?" ಸುರೇಂದ್ರ ಸಿಡಿದ. "ನಿನ್ನ ಮಗಳನ್ನ ನೋಡಕ್ಕೆ ಬಂದಾಗ ಹರಿದ ಚಾಪೆ ಹಾಸಿದ್ಯಾ? ನಮ್ಮನೆ ಕುರ್ಚಿ, ಮಂಜುನಾಥಪ್ಪನ ಮನೆ ಬೆಳ್ಳಿ ಲೋಟ ತಗಂಡು ಹೋಗಿ ಜೋಡ್ಸಿದ್ದು ಮರ್ತುಹೋಯ್ತಾ?"

ಜನ ಗೊಳ್ಳೆಂದು ನಕ್ಕರು. ಶರಾವತಿಯೂ ನಕ್ಕಳು. ಆ ನಗು ಹೂವಪ್ಪನಿಗೆ ಹೊಡೆತಕ್ಕಿಂತ ಜೋರಾಗಿ ತಾಗಿತು.

ಹಾಗೆ ಮಿಲ್ ರಸ್ತೆ ಸಿಂಗಾರಗೊಂಡಿತು. ತುಕ್ಕು ಹಿಡಿದ ಷಟರ್‌ಗಳಿಗೆ ಎಣ್ಣೆ ಬಿಟ್ಟು ಮೇಲೆತ್ತಿದರು. ಹೊಸನಗರದ ನೆಂಟನೊಬ್ಬನ ಅಂಗಡಿಯಿಂದ ಸಾಮಾನು ತಂದು ಕಪಾಟು ತುಂಬಿದರು. ಮರದ ಮಿಲ್ಲಿನಲ್ಲಿ ಬಾಡಿಗೆ ಜನರೇಟರ್ ಗುಡುಗತೊಡಗಿತು. ನೆಂಟರಿಷ್ಟರೆಲ್ಲ ಚೀಲ ಹಿಡಿದು ರಸ್ತೆಯ ಆ ತುದಿಯಿಂದ ಈ ತುದಿಗೆ, ಹಿಂದಿನ ಓಣಿಯಿಂದ ಬಳಸಿ ಬಂದು ಮತ್ತೆ ಅದೇ ತುದಿಯಿಂದ ನಡೆದರು. ಗಂಡನನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದ ಮೇಲೆ ಶರಾವತಿ ಕ್ಯಾಂಟೀನಿನ ಒಲೆ ಹಚ್ಚಿದಳು. ಹೊಗೆಗೋ ಏನೋ, ಅವಳ ಕಣ್ಣು ತುಂಬಿತು.

ಕಾರು ಬಂತು. ಇಳಿದವಳಿಗೆ ಹೆಚ್ಚು ವಯಸ್ಸೇನೂ ಇರಲಿಲ್ಲ.

"ನಮಸ್ಕಾರ. ನಾನು ವಿನಯಾ, ಬೆಂಗಳೂರಿಂದ..."

"ಗೊತ್ತು ಮೇಡಂ, ಎಲ್ಲಾ ಗೊತ್ತು!" ಸುರೇಂದ್ರ ಹಾರ ಹಾಕಿಯೇ ಬಿಟ್ಟ.

ವಿನಯಾ ಜಾಗದ ಬೆಲೆ ಕೇಳಲಿಲ್ಲ. ಕರೆಂಟು, ನೀರು ಕೇಳಲಿಲ್ಲ. ಗೇಟಿನ ಕಂಬಿಯೊಳಗಿಂದ ಕಾರ್ಖಾನೆಯನ್ನು ಒಮ್ಮೆ ನೋಡಿ ರಸ್ತೆಯ ಕಡೆಗೇ ತಿರುಗಿದಳು.

"ಇದು ಮುಚ್ಚಿದ ಮೇಲೆ ತುಂಬಾ ಜನ ಊರು ಬಿಟ್ರು ಅಂತ ಕೇಳಿದ್ದೆ?"

"ಯಾರು ಹೇಳಿದ್ದು ಮೇಡಂ? ಹೊರಗಿನೋರೇ ಇಲ್ಲಿಗೆ ಬರ್ತಿದಾರೆ. ಜಾಗ ಸಾಲ್ತಿಲ್ಲ."

"ಗೇಟಿನ ಹತ್ರ ದಿನಾ ಒಬ್ರು ಕೂರ್ತಾರಂತಲ್ಲ, ಪೇಪರಲ್ಲಿ ನೋಡಿದ್ದೆ. ಸಿಗ್ತಾರಾ?"

ಸುರೇಂದ್ರ ತಟ್ಟನೆ ಗೇಟಿಗೆ ಅಡ್ಡ ಬಂದು ನಿಂತ. ಗಲಾಟೆ ಮಾಡುವ ಕೆಲಸಗಾರರೆಂದರೆ ಯಾವ ಧಣಿಗೆ ಇಷ್ಟ? "ಅವನಿಗೆ ತಲೆ ಸರಿ ಇಲ್ಲ ಮೇಡಂ. ಯಾರೋ ಕರ್ಕಂಡು ಹೋದ್ರು. ಇನ್ನು ಅವನ ಕಾಟ ಇಲ್ಲ."

ಅಂಗಡಿಯಿಂದ ಅಂಗಡಿಗೆ ಹೋದಂತೆ ವಿನಯಾಳ ಹುಬ್ಬು ಗಂಟಿಕ್ಕುತ್ತ ಹೋಯಿತು. ಸುರೇಂದ್ರನಿಗೆ ಒಳಗೊಳಗೇ ಖುಷಿ. ಮಾಲು ಮನಸ್ಸಿಗೆ ಬಂದರೂ ಮುಖ ಸಿಂಡರಿಸುವುದೇ ಪಳಗಿದ ಗಿರಾಕಿಯ ಲಕ್ಷಣ ಎಂದು ಮಂಜುನಾಥಪ್ಪನ ಕಿವಿಯಲ್ಲಿ ಪಿಸುಗುಟ್ಟಿದ.

ಕ್ಯಾಂಟೀನಿನಲ್ಲಿ ಅವಳು ಶರಾವತಿಯ ಹತ್ತಿರವೇ ಬಂದು ನಿಂತಳು.

"ನಿಜ ಹೇಳಿ ಅಕ್ಕ. ನಿಮಗೆ ಏನೂ ಕಷ್ಟ ಇಲ್ವಾ?"

ಆ ದನಿಯಲ್ಲಿ ಏನೋ ಇತ್ತು. ಶರಾವತಿಯ ನಾಲಿಗೆಯ ತುದಿಗೆ ಎಲ್ಲವೂ ಬಂತು: ಬಸ್ ಸ್ಟ್ಯಾಂಡು, ಎಂಜಲು ಲೋಟ, ಗಂಡನ ಎದೆಯ ಕೆಮ್ಮು. ವಿನಯಾಳ ಬೆನ್ನ ಹಿಂದೆ ನಿಂತ ಸುರೇಂದ್ರ ಕಣ್ಣಲ್ಲೇ ಕೊಂದುಬಿಡುವಂತೆ ನೋಡಿದ. ಅಷ್ಟರಲ್ಲಿ ಉಗ್ರಾಣದ ಬಾಗಿಲು ಧಡಧಡ ಅಂದಿತು. ಹೂವಪ್ಪ ಕೂಗಿದ್ದು ಜನರೇಟರಿನ ಸದ್ದಿನಲ್ಲಿ ಮುಳುಗಿತು.

"ಒಳಗೆ ಯಾರು?"

"ಮಾಲು ಇಳಿಸ್ತಿದಾರೆ ಮೇಡಂ," ಎಂದಳು ಶರಾವತಿ. "ಕಷ್ಟನಾ? ಎಂತ ಕಷ್ಟ? ಈಗ ವ್ಯಾಪಾರ ಮೊದಲಿಗಿಂತ ಜೋರು. ಕೂತ್ಕಳಕ್ಕೆ ಪುರುಸೊತ್ತಿಲ್ಲ."

ವಿನಯಾ ಅವಳನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಚಹಾ ಮುಗಿಸಿ ಕಾರಿನ ಕಡೆ ನಡೆದಳು. ರಸ್ತೆಯೆಲ್ಲ ಹಿಂದೆಯೇ ಬಂತು. ತೀರ್ಥಹಳ್ಳಿಯ ದಾರಿ ಯಾವುದೆಂದು ಡ್ರೈವರ್ ಯಾರನ್ನೋ ವಿಚಾರಿಸುತ್ತಿದ್ದ.

ಸುರೇಂದ್ರ ಕೈಮುಗಿದ. "ನಮ್ಮ ಕಾರ್ಖಾನೆ ತೆರೀತದಲ್ಲ ಮೇಡಂ? ನೀವು ತಗಂಡ್ರೆ ನಾವೆಲ್ಲ ನಿಮ್ಮ ಬೆನ್ನಿಗಿರ್ತೀವಿ."

"ತಗೊಳ್ಳೋಕೆ ನಾನು ಕಂಪನಿಯವಳಲ್ಲ ಸರ್," ಎಂದಳು ವಿನಯಾ, ಹಾರವನ್ನು ತೆಗೆದು ಅವನ ಕೈಗಿಡುತ್ತ. "ಕಾರ್ಖಾನೆ ಮುಚ್ಚಿ ಪೂರ್ತಿ ನೆಲ ಕಚ್ಚಿದ ಊರು ಸಿಕ್ಕಿದ್ರೆ ಸರ್ಕಾರನೇ ಆ ಕಾರ್ಖಾನೆ ತೆರೆದು ನಡೆಸುತ್ತೆ. ಅಂಥ ಊರು ಹುಡುಕ್ತಾ ಬಂದವಳು ನಾನು. ನೀವು ಇಷ್ಟು ಚೆನ್ನಾಗಿದ್ದೀರಲ್ಲ, ಸಂತೋಷ."